ಹನ್ನೆರಡು ಮಂದಿಯ ವಯಸ್ಸು ಹೇಳಲು ಎಡಿನ್‌ಬರೋಗೆ ಹೋದದ್ದು

ಅನುಪಮಾ, ಪ್ರಭು, ಈ ಸಲ ರಜೆಗೆ ಬಂದಾಗ ನೀವಿಬ್ಬರೂ ನನ್ನ ಟ್ರಂಕಿನಿಂದ ಹಳೆಯ ಪಾಸ್‌ಪೋರ್ಟ್ ತೆಗೆದು, "ಅಜ್ಜಿ, ನೀ ಪರದೇಶಕ್ಕ ಹೋಗಿದ್ದೇನ?" ಎಂದು ನಕ್ಕಿರಿ. ನಾನು ಹೂಂ ಅನ್ನುವಷ್ಟರಲ್ಲಿ ಯಾರೋ ಬಂದರು, ಮಾತು ಅಲ್ಲಿಗೇ ನಿಂತಿತು. ನಾಲ್ಕು ಜನರೆದುರು ನನಗೆ ಬಾಯಿ ಬರುವುದಿಲ್ಲ, ನಿಮಗೆ ಗೊತ್ತು. ಅದಕ್ಕೇ ಬರೆಯುತ್ತಿದ್ದೇನೆ. ಗೊರೇಬಾಳದ ಶಾಲೆಯಲ್ಲಿ ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರ ಇದು. ಒತ್ತು, ದೀರ್ಘ ತಪ್ಪಿದ್ದರೆ ನೀವೇ ತಿದ್ದಿಕೊಂಡು ಓದಿ.

ಹೋದದ್ದು ಒಂದೇ ಸಲ, ಎರಡು ವಾರದ ಮಟ್ಟಿಗೆ. ತೊಂಬತ್ತರ ನಂತರದ ಮೊದಲ ವರ್ಷಗಳು. ನಿಮ್ಮ ಅವ್ವ ಶಶಿಗೆ ಆಗಿನ್ನೂ ಮದುವೆ ಆಗಿರಲಿಲ್ಲ. ಊರು ನೋಡಲು ಹೋಗಲಿಲ್ಲ, ದೇವರಿಗೂ ಹೋಗಲಿಲ್ಲ. ಮಂದಿಯ ವಯಸ್ಸು ಹೇಳಲು ಹೋದೆ.

ಮಸ್ಕಿ

ಸ್ಕಾಟ್ಲೆಂಡಿನ ಪ್ರವಾಸ ಶುರುವಾದದ್ದು ಮಸ್ಕಿಯ ಒಂದು ಪಡಸಾಲೆಯಿಂದ.

ನಿಮ್ಮ ಅವ್ವ ಸಂಖ್ಯಾಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ, ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಸ್ಕಾಟ್ಲೆಂಡಿನ ಎಡಿನ್‌ಬರೋ ಎಂಬ ಊರಿಗೆ ಸಂಶೋಧನೆಗೆ ಹೋಗಿದ್ದಳು. ಅಲ್ಲಿ ವಿಮೆಯ ಲೆಕ್ಕವನ್ನೇ ಒಂದು ಶಾಸ್ತ್ರವಾಗಿ ಕಲಿಸುತ್ತಾರೆ. ಇಷ್ಟು ವಯಸ್ಸಿನವರು ಇನ್ನೆಷ್ಟು ವರ್ಷ ಬದುಕಬಹುದು ಎಂದು ಪಟ್ಟಿ ಮಾಡುವುದು ಆ ಶಾಸ್ತ್ರದ ಬುಡ. ಹಿಂದಿನ ಕಾಲದಲ್ಲಿ ಆ ಊರಿನಲ್ಲಿ ಪಾದ್ರಿಗಳು ಸತ್ತರೆ ಅವರ ಹೆಂಡಂದಿರ ಗತಿ ಏನು ಎಂದು ಯಾರೋ ಕೂತು ಯೋಚಿಸಿದ್ದರಂತೆ. ಎಷ್ಟು ವಿಧವೆಯರು, ಎಷ್ಟು ವರ್ಷ ಎಂದು ಎಣಿಸಿದ್ದರಿಂದ ಈ ವಿದ್ಯೆ ಅಲ್ಲಿ ಬೇರು ಬಿಟ್ಟಿತಂತೆ. ಅದನ್ನು ಕೇಳಿದ ಶಶಿ, ಸಿಂಧನೂರು, ಲಿಂಗಸುಗೂರು, ಮಸ್ಕಿ ಸುತ್ತಲಿನ ವಿಧವೆಯರ ಪಟ್ಟಿ ಮಾಡುತ್ತೇನೆಂದು ಹೊರಟಳು.

ಎರಡು ಬೇಸಿಗೆ ಹಳ್ಳಿ ಹಳ್ಳಿ ತಿರುಗಿದಳು. ಮದುವೆಯಾಗದ ಹುಡುಗಿ ಒಬ್ಬಳೇ ಬಂದು ಸಾವಿನ ವಿಷಯ ಕೇಳಿದರೆ ಯಾರು ಹೇಳುತ್ತಾರೆ? ಹಾಗಾಗಿ ನಾನೂ ಸೆರಗು ಹೊದ್ದುಕೊಂಡು ಹಿಂದೆ ಹೋಗುತ್ತಿದ್ದೆ. ಬಳಗಾನೂರಿನ ಅಂಗನವಾಡಿಯಲ್ಲಿ ಸಹಾಯಕಿಯಾಗಿದ್ದ ನನಗೆ ಬೇಸಿಗೆ ರಜೆ ಇತ್ತು.

ಮಸ್ಕಿಯ ಆ ಪಡಸಾಲೆಯಲ್ಲಿ ಒಬ್ಬಾಕೆ ಅಕ್ಕಿ ಆರಿಸುತ್ತ ಕೂತಿದ್ದಳು. ಶಶಿ ವಯಸ್ಸು ಕೇಳಿದಳು.

"ಇರಬೇಕವ್ವ, ನಲವತ್ತೋ ಐವತ್ತೋ. ನೀನ ಬರ್ಕೊ, ಕಲಿತಾಕಿ ಅದಿ."

ಶಶಿ ನನ್ನ ಕಡೆ ನೋಡಿದಳು. ಗಂಡಸರಿಲ್ಲದ ಕಡೆ ನನಗೆ ಸ್ವಲ್ಪ ಮಾತು ಬರುತ್ತದೆ. ಕೇಳಿದೆ, "ಕಾಲುವಿಗೆ ಮೊದಲ ನೀರು ಬಂದಾಗ ನಿನ್ನ ಹಿರೇ ಮಗ ಹುಟ್ಟಿದ್ದನೇನ?"

"ಇಲ್ಲ, ಹೊಟ್ಟ್ಯಾಗಿದ್ದ. ನೀರು ನೋಡಾಕ ಹೋಗಿ ಏರಿ ಮ್ಯಾಲಿಂದ ಜಾರಿ ಬಿದ್ದಿದ್ದೆ. ನಮ್ಮತ್ತಿ ಬೈದದ್ದು ಇನ್ನೂ ಕಿವ್ಯಾಗೈತಿ."

"ಆವಾಗ ಮದಿವ್ಯಾಗಿ ಎಷ್ಟು ದೀಪಾವಳಿ ಆಗಿದ್ದವು?"

"ಮೂರು. ಮೂರಕ್ಕೂ ತವರಿಗೆ ಕಳಿಸಲಿಲ್ಲ, ಮುದುಕಿ!"

"ರಜಾಕಾರರ ಗಲಾಟ್ಯಾಗ?"

"ನಮ್ಮಪ್ಪ ನೆಲದಾಗಿನ ಜ್ವಾಳದ ಹಗೇವಿನಾಗ ಇಳಿಸಿದ್ದ ನಮ್ಮನ್ನ. ಮುಂದಿನ ಹಲ್ಲು ಬಿದ್ದು ಬ್ಯಾರೆ ಬಂದಿದ್ದವು ನನಗ. ನಮ್ಮ ತಂಗೀದು ಅಳ್ಳಾಡಾಕತ್ತಿತ್ತು, ಅಂಜಿಕಿಗೆ ಅಲ್ಲೇ ಬಿತ್ತು."

"ಬರ್ಕೊ ಶಶಿ, ಐವತ್ತೊಂದರಾಗ ಬಿದ್ದಾಳ," ಎಂದೆ. ಶಶಿ ಐವತ್ತೊಂದು ಎಂದು ಬರೆದುಕೊಂಡಳು.

ಹೀಗೆಯೇ ನಡೆಯಿತು. ನಿರಾಶ್ರಿತರಿಗೆಂದು ಕಟ್ಟಿದ ಆರ್.ಎಚ್. ಕ್ಯಾಂಪಿನ ಬಂಗಾಲಿ ಹೆಣ್ಣುಮಕ್ಕಳ ಲೆಕ್ಕವನ್ನೂ ಹೀಗೇ ಹಿಡಿದೆ. ಅವರು ಗಡಿ ದಾಟಿ ಬಂದಾಗ ಯಾರು ಕಂಕುಳಲ್ಲಿದ್ದರು, ಯಾರು ನಡೆದುಕೊಂಡು ಬಂದರು ಎಂದು ಕೇಳಿದರೆ ಸಾಕಾಗುತ್ತಿತ್ತು. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ.

ಸಿಂಧನೂರಿನ ಎಸ್‌ಟಿಡಿ ಬೂತ್

ಮರುವರ್ಷ ಏಪ್ರಿಲ್‌ನಲ್ಲಿ ಶಶಿಯ ಪತ್ರ ಬಂತು. ಇಂಥ ದಿನ ಇಂಥ ಹೊತ್ತಿಗೆ ಸಿಂಧನೂರಿನ ಬೂತಿನಲ್ಲಿ ಬಂದು ಕೂತಿರು, ಫೋನು ಮಾಡುತ್ತೇನೆ ಎಂದು ಬರೆದಿದ್ದಳು. ಬೆಳಿಗ್ಗೆಯೇ ಹೋಗಿ ಕೂತೆ.

"ಯವ್ವಾ, ನನ್ನ ಲೆಕ್ಕ ಸುಳ್ಳು ಅನ್ನಾಕತ್ತ್ಯಾರ."

ಅಳುತ್ತಿದ್ದಳು. ಬಿಡಿಸಿ ಹೇಳಿದಳು. ನಮ್ಮ ದೇಶದಲ್ಲಿ ಎಲ್ಲಿ ವಯಸ್ಸು ಕೇಳಿದರೂ ಮಂದಿ ನಲವತ್ತು, ಐವತ್ತು, ಅರವತ್ತು ಎಂದೇ ಹೇಳುತ್ತಾರಂತೆ. ಹಾಗಾಗಿ ಆ ಅಂಕಿಗಳ ಚಿತ್ರ ಬರೆದರೆ ಗರಗಸದಂತೆ ಹಲ್ಲು ಹಲ್ಲಾಗಿ ಬರಬೇಕು. ಇವಳದು ಸಾರಿಸಿದ ನೆಲದಂತೆ ನುಣ್ಣಗೆ ಬಂದಿತ್ತು. ಹಳ್ಳಿಗೆ ಹೋಗದೆ ಕೋಣೆಯಲ್ಲಿ ಕೂತು ಬರೆದ ಅಂಕಿ ಇದು ಎಂದು ಅವಳ ಮಾರ್ಗದರ್ಶಕರಿಗೇ ಸಂಶಯ. ಹೊರಗಿನಿಂದ ಬರುವ ಪರೀಕ್ಷಕರಿಗೂ ಅದೇ ಮಾತು ಮುಟ್ಟಿತ್ತು. ಇವಳು "ನಮ್ಮವ್ವ ಕೇಳಿ ಹೇಳ್ಯಾಳ" ಎಂದದ್ದಕ್ಕೆ, ಹಾಗಾದರೆ ನಿಮ್ಮವ್ವನನ್ನೇ ಕರೆಸು, ನಮ್ಮೆದುರು ಹೇಳಲಿ, ಹೋಗಿಬರುವ ಟಿಕೆಟ್ಟು ಇಲಾಖೆಯದು ಎಂದುಬಿಟ್ಟಿದ್ದರು. ನಂಬದೇ ಹೋದರೆ ಎರಡು ಬೇಸಿಗೆಯ ಕೆಲಸ ನೀರಿಗೆ ಬೀಳುತ್ತದೆ, ವಿದ್ಯಾರ್ಥಿವೇತನ ನಿಲ್ಲುತ್ತದೆ. ಅದಕ್ಕಿಂತ, ಸುಳ್ಳುಗಾರ್ತಿ ಎಂಬ ಹೆಸರು ಹೊತ್ತು ವಾಪಸು ಬರಬೇಕಾಗುತ್ತದೆ.

"ನೀನ ಬರಬೇಕು ಬೇ."

"ನಾ ಲಿಂಗಸುಗೂರಿಗೇ ಒಬ್ಬಾಕಿ ಹೋಗಾಕ ಅಂಜತೀನಿ."

"ಲಿಂಗಸುಗೂರಿಗೆ ನಿಂತು ಹೋಗಬೇಕು. ಇಲ್ಲಿಗೆ ಕೂತು ಬರ್ತಿ."

ಬೂತಿನವನು ತಾನೂ ಕೇಳಿಸಿಕೊಳ್ಳುತ್ತಿದ್ದ. "ಹೋಗಿ ಬರ್ರಿ ಅಮ್ಮಾರ," ಎಂದ, "ನಮ್ಮ ಮಾವಂದೂ ವಯಸ್ಸು ಒಂದ್ಸಲ ಹೇಳಿ ಹೋಗ್ರಿ."

ಬೊಂಬಾಯಿ, ಲಂಡನ್ನು

ಪಾಸ್‌ಪೋರ್ಟಿಗೆ ಜನ್ಮದಿನಾಂಕ ಬೇಕಾಯಿತು. ಶಾಲೆಯ ದಾಖಲೆಯಲ್ಲಿ ಜೂನ್ ಒಂದು ಎಂದಿತ್ತು. ನಮ್ಮ ಕಾಲದ ಹೆಡ್‌ಮಾಸ್ತರರು ಹೆಸರು ಹಚ್ಚಲು ಬಂದ ಮಗುವಿನ ಎತ್ತರ ನೋಡಿ ವರ್ಷ ಹಾಕುತ್ತಿದ್ದರು, ತಿಂಗಳು, ತಾರೀಕು ಮಾತ್ರ ಎಲ್ಲರಿಗೂ ಜೂನ್ ಒಂದೇ. ಶಶಿಗೂ ಹಾಗೇ. ನಿಮ್ಮ ಅಜ್ಜನಿಗೂ ಹಾಗೇ.

ಬೊಂಬಾಯಿಯವರೆಗೆ ನನ್ನ ತಮ್ಮ ಬಂದ. ಅಲ್ಲಿಂದ ಮುಂದೆ ನಾನೊಬ್ಬಳೇ. ವಿಮಾನದಲ್ಲಿ ನನ್ನ ಪಕ್ಕದ ಗಂಡಸು ನಿದ್ದೆಯಲ್ಲಿ ನನ್ನ ಹೆಗಲ ಮೇಲೆ ತಲೆ ಇಟ್ಟ. ಎಬ್ಬಿಸಲು ನಾಚಿಕೆ, ಹಾಗೇ ಇರಗೊಡಲೂ ನಾಚಿಕೆ. ಅವನು ಏಳುವವರೆಗೆ ಕಲ್ಲಾಗಿ ಕೂತೆ. ಹೆಗಲು ನೋವು ಲಂಡನ್ನಿನ ತನಕ ಬಂತು.

ಲಂಡನ್ನಿನಲ್ಲಿ ಒಬ್ಬ ಅಧಿಕಾರಿ ಚೀಲ ಬಿಚ್ಚಿಸಿ ಖಟಕ್ ರೊಟ್ಟಿಯ ಗಂಟನ್ನು ಹೊರಗೆ ತೆಗೆದ. ಒಂದನ್ನು ಬೆರಳಿನಿಂದ ಬಾರಿಸಿದ, ಠಣ್ ಎಂದಿತು. ಬೆಳಕಿಗೆ ಹಿಡಿದು ನೋಡಿದ. ಇನ್ನೊಬ್ಬನನ್ನು ಕರೆದ. ಇಬ್ಬರೂ ಬಾರಿಸಿದರು. ತಿನ್ನುವ ವಸ್ತು ಎಂದು ಹೇಗೆ ಹೇಳಲಿ? ಒಂದು ತುಂಡು ಮುರಿದು ಬಾಯಿಗೆ ಹಾಕಿಕೊಂಡೆ. ಸೆರಗಿನ ಮರೆಯಲ್ಲಿ ಉಣ್ಣುವ ಹೆಂಗಸು ನಾನು, ಲಂಡನ್ನಿನ ನಡುಮಧ್ಯೆ ನಿಂತು ಕರುಂ ಕುರುಂ ಎಂದು ಜಗಿದೆ. ಆತ ಕೈ ಮುಗಿಯುವ ಹಾಗೆ ಮಾಡಿ ಕಳಿಸಿದ.

ಎಡಿನ್‌ಬರೋ, ಮೊದಲ ದಿನಗಳು

ಶಶಿ ಜೀನ್ ಎಂಬ ಹೆಂಗಸಿನ ಮನೆಯ ಮೇಲುಕೋಣೆಯಲ್ಲಿ ಬಾಡಿಗೆಗಿದ್ದಳು. ಜೀನ್ ಕೂಡ ನನ್ನಂತೆ ಗಂಡ ಸತ್ತವಳು. ಆದರೆ ತುಟಿಗೆ ಬಣ್ಣ ಹಚ್ಚುತ್ತಿದ್ದಳು, ಗುರುವಾರ ಸಂಜೆ ಕುಣಿಯಲು ಹೋಗುತ್ತಿದ್ದಳು. ಮೊದಲ ಗುರುವಾರ ಶಶಿ, "ಡ್ಯಾನ್ಸಿಗೆ ಹೋಗ್ಯಾಳ," ಎಂದಾಗ ನಾನು ಬಾಗಿಲು ಹಾಕಿಕೊಂಡು ಕೂತೆ, ಯಾರೋ ನನ್ನನ್ನೇ ಹಿಡಿದು ಕೇಳುತ್ತಾರೇನೋ ಎಂಬಂತೆ.

ನನಗೆ ಅಲ್ಲಿ ಬಂದ ಮೊದಲ ಕಷ್ಟ ಸೂರ್ಯನದು. ಮನೆಯಲ್ಲಿ ಹೊತ್ತು ಮುಳುಗಿ, ದೀಪ ಹಚ್ಚಿ ಉಣ್ಣುವ ರೂಢಿ ನನ್ನದು. ಅಲ್ಲಿ ಬೇಸಿಗೆಯಲ್ಲಿ ಹೊತ್ತು ಮುಳುಗುವುದೇ ಇಲ್ಲ. ಏಳಾಯಿತು, ಎಂಟಾಯಿತು, ಒಂಬತ್ತಾಯಿತು, ಹೊರಗೆ ಎಮ್ಮೆ ಮೇಯಿಸುವಷ್ಟು ಬೆಳಕು. ಶಶಿ ಗ್ರಂಥಾಲಯದಲ್ಲಿರುತ್ತಿದ್ದಳು. ನಾನು ತಾಟು ಮುಂದಿಟ್ಟುಕೊಂಡು ಕಿಟಕಿಯಲ್ಲಿ ಸೂರ್ಯನನ್ನು ನೋಡುತ್ತ ಕೂರುತ್ತಿದ್ದೆ. ಮೂರನೆಯ ದಿನ ಜೀನ್ ನೋಡಿದಳು. ನನ್ನನ್ನು ನೋಡಿದಳು, ತಾಟು ನೋಡಿದಳು, ಸೂರ್ಯನನ್ನು ನೋಡಿದಳು. ಏನು ತಿಳಿಯಿತೋ, ಎದ್ದು ಕಿಟಕಿಯ ಪರದೆ ಎಳೆದು ಕೋಣೆ ಕತ್ತಲೆ ಮಾಡಿ, ಒಂದು ಮೇಣದಬತ್ತಿ ಹಚ್ಚಿಟ್ಟಳು. ನಾನು ಉಂಡೆ. ಅಂದಿನಿಂದ ದಿನಾ ಆರೂವರೆಗೆ ನಮ್ಮ ಮನೆಯಲ್ಲಿ ರಾತ್ರಿಯಾಗುತ್ತಿತ್ತು.

ಎರಡನೆಯ ಕಷ್ಟ ದೊಡ್ಡದು. ಶಶಿ ಮೊದಲೇ ಎಚ್ಚರಿಸಿದ್ದಳು. "ಇಲ್ಲಿ ಹೆಣ್ಣುಮಕ್ಕಳ ವಯಸ್ಸು ಕೇಳಬಾರದು ಬೇ. ಮರ್ಯಾದಿ ಅಲ್ಲ."

"ಹಂಗಾರ ನನ್ನ ಕರಸಿದ್ದು ಯಾತಕ್ಕ?"

"ಪರೀಕ್ಷಾದಾಗ ಸುತ್ತು ಬಳಸಿ ಕೇಳಬೋದು. ಹನ್ನೆರಡು ಮಂದಿನ ಕೂಡಸ್ತಾರ. ಅವರ ಹುಟ್ಟಿದ ತಾರೀಕು ಆಫೀಸಿನಾಗ ಲಕೋಟಿಯೊಳಗ ಮುಚ್ಚಿಟ್ಟಾರ. ಆದರ ನೀ ವಯಸ್ಸೆಷ್ಟು ಅಂತ ನೇರ ಕೇಳಂಗಿಲ್ಲ. ನಮ್ಮೂರಾಗ ಹೆಂಗ ಹಿಡಿದಿ, ಹಂಗ ಹಿಡೀಬೇಕು."

ನಾನು ಕೂತುಬಿಟ್ಟೆ. ಇವರಿಗೆ ನಮ್ಮ ಕಾಲುವೆ ಗೊತ್ತಿಲ್ಲ, ರಜಾಕಾರರು ಗೊತ್ತಿಲ್ಲ. ಇವರ ಯಾವ ವರ್ಷಕ್ಕೆ ಏನು ನೆನಪಿದೆ ಎಂದು ನನಗೆ ಹೇಗೆ ತಿಳಿಯಬೇಕು?

ಕಲಿಸಿದವಳು ಜೀನ್. ಚಹಾದ ಹೊತ್ತಿಗೆ ಅವಳು ಹೇಳುವಳು, ಶಶಿ ಕನ್ನಡ ಮಾಡುವಳು. ಯುದ್ಧ ಶುರುವಾದಾಗ ಮಕ್ಕಳಿಗೆಲ್ಲ ವಿಷಗಾಳಿ ತಡೆಯಲು ಮೋರೆಗೆ ಕಟ್ಟಿಕೊಳ್ಳುವ ಮುಖವಾಡ ಕೊಟ್ಟಿದ್ದರು. ಯುದ್ಧ ಮುಗಿದ ಮೇಲೆ ಒಂದು ಚಳಿಗಾಲ ಹಿಮ ಬಾಗಿಲ ಎತ್ತರ ಬಿದ್ದಿತ್ತು. ಮಿಠಾಯಿಗೆ ರೇಷನ್ ಇತ್ತು, ರಾಣಿಗೆ ಪಟ್ಟವಾದ ವರ್ಷ ಅದು ಹೋಯಿತು. ಊರ ಬೀದಿಯಲ್ಲಿ ಹಳಿಯ ಮೇಲೆ ಓಡುತ್ತಿದ್ದ ಟ್ರಾಮ್ ಗಾಡಿ ಕಾಯಮ್ಮಾಗಿ ನಿಂತಿತು. ಆಮೇಲೆ ಸಮುದ್ರದ ಹಿನ್ನೀರಿಗೆ ದೊಡ್ಡ ಸೇತುವೆ ಆಯಿತು. ಇಷ್ಟನ್ನು ಇಸವಿಯ ಸಮೇತ ನಾನು ಮಗ್ಗಿಯಂತೆ ಬಾಯಿಪಾಠ ಮಾಡಿದೆ. ಹೇಳುತ್ತ ಹೇಳುತ್ತ, ಹಿಮ ಬಿದ್ದ ವರ್ಷ ತಾನು ಬಸುರಿಯಾಗಿದ್ದೆನೆಂದು ಜೀನ್ ಬಾಯಿಬಿಟ್ಟಳು. ಅಲ್ಲಿಗೆ ಅವಳ ಲೆಕ್ಕ ನನಗೆ ಸಿಕ್ಕಿತು. ಸಿಕ್ಕಿತೆಂದು ಅವಳಿಗೂ ಗೊತ್ತಾಯಿತು. ತುಟಿಯ ಮೇಲೆ ಬೆರಳಿಟ್ಟು, ಇನ್ನೊಂದು ಬಿಸ್ಕತ್ತು ಕೊಟ್ಟಳು.

ಜೂನ್ ಒಂದು

ಪರೀಕ್ಷೆಯ ದಿನ ಚಳಿ ಮಳೆ. ಜೀನ್ ತನ್ನ ಕೆಂಪು ಕೋಟನ್ನು ನನ್ನ ಮೈಮೇಲೆ ಹೊದಿಸಿಯೇಬಿಟ್ಟಳು. ಗಂಡ ಸತ್ತ ಮೇಲೆ ಕೆಂಪು ಮುಟ್ಟಿರಲಿಲ್ಲ ನಾನು. ಬೀದಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ. ಅದೇ ನನಗೆ ವಿಚಿತ್ರವೆನಿಸಿತು.

ಇಲಾಖೆಯ ಕಚೇರಿಯಲ್ಲಿ ಗುಮಾಸ್ತೆ ನಮ್ಮ ಕಾಗದ ನೋಡಿದಳು. ನನ್ನ ಜನ್ಮದಿನ ಜೂನ್ ಒಂದು, ಅಂದರೆ ಅವತ್ತೇ. ಶಶಿಯದೂ ಅವತ್ತೇ. "ನಿಮ್ಮ ತಂದೆಯದು?" ಎಂದು ನಗುತ್ತ ಕೇಳಿದಳು. ಶಶಿ ಸುಳ್ಳು ಹೇಳುವವಳಲ್ಲ. ಜೂನ್ ಒಂದು ಎಂದಳು. ಗುಮಾಸ್ತೆಯ ನಗು ನಿಂತಿತು. ಹತ್ತಿರದಲ್ಲಿದ್ದ ಮಾರ್ಗದರ್ಶಕರು, ಉದ್ದನೆಯ ಮನುಷ್ಯ, ಹೀಗಾಗುವ ಸಂಭವ ಎಷ್ಟು ಎಂದು ಅಲ್ಲೇ ಒಂದು ಚೀಟಿಯ ಮೇಲೆ ಲೆಕ್ಕ ಮಾಡತೊಡಗಿದರು. ಬರೆದಷ್ಟೂ ಅವರ ಮುಖ ಗಂಭೀರವಾಯಿತು. ಶಶಿ ಹೆಡ್‌ಮಾಸ್ತರರ ಕಥೆ ಹೇಳಿದಷ್ಟೂ ಅದು ಕಟ್ಟುಕಥೆಯಂತೆಯೇ ಕೇಳಿಸುತ್ತಿತ್ತು. ಆದರೂ ಗುಮಾಸ್ತೆ ಒಳ್ಳೆಯವಳು. ಓಡಿಹೋಗಿ ಒಂದು ಕೇಕು ತಂದಳು. ಎಷ್ಟು ಮೇಣದಬತ್ತಿ ಚುಚ್ಚಬೇಕೆಂದು ಕೇಳಿದಳು. ಪಾಸ್‌ಪೋರ್ಟಿನಲ್ಲಿ ಒಂದು ಲೆಕ್ಕ, ನಮ್ಮವ್ವ ಹೇಳುತ್ತಿದ್ದದ್ದು ಇನ್ನೊಂದು. ಊರ ಮಂದಿಯ ವಯಸ್ಸು ಹೇಳಲು ಬಂದವಳಿಗೆ ತನ್ನದೇ ಗೊತ್ತಿಲ್ಲ ಎಂದು ಹೇಗೆ ಹೇಳುವುದು? ಶಶಿ, "ಒಂದು ಸಾಕು," ಎಂದಳು.

ಪರೀಕ್ಷೆಯ ಕೋಣೆಯಲ್ಲಿ ಮಾರ್ಗದರ್ಶಕರೂ, ಹೊರಗಿನಿಂದ ಬಂದ ಮುದುಕ ಪರೀಕ್ಷಕರೂ ಕೂತಿದ್ದರು. ಶಶಿ ಹಿಂದಿನ ಕುರ್ಚಿಯಲ್ಲಿ. ಅವಳು ಬಾಯಿ ಬಿಡಕೂಡದು. ನನ್ನ ಮಾತನ್ನು ಇಂಗ್ಲಿಷ್ ಮಾಡಲು ಕನ್ನಡ ಬಲ್ಲ ಬೇರೆಯವರು ಸಿಗದೆ ರಮಣ ಎಂಬ ತೆಲುಗು ವಿದ್ಯಾರ್ಥಿಯನ್ನು ಕೂಡಿಸಿದ್ದರು. ಆಂಧ್ರದಿಂದ ಬಂದು ನೆಲೆಸಿದವರು ನಮ್ಮ ಕಾಲುವೆಯ ಕ್ಯಾಂಪುಗಳಲ್ಲಿ ಆಡುವ ತೆಲುಗು ನನಗೆ ಬರುತ್ತಿತ್ತು, ಪುಣ್ಯ. "ಅಮ್ಮಾ, ಭಯಪಡಕಂಡಿ," ಎಂದ, ಹೆದರಬೇಡಿ ಎಂದು. ಹಾಗೆಂದು ತಾನೇ ಎರಡು ಲೋಟ ನೀರು ಕುಡಿದ.

ಮೊದಲು ಬಂದವನು ಕಟ್ಟಡದ ಬಾಗಿಲು ಕಾಯುವವನು. ಗಂಡಸರ ಮುಖ ನೋಡಿ ಮಾತಾಡಿ ನನಗೆ ರೂಢಿಯಿಲ್ಲ. ಮೇಜಿನ ಕಾಲನ್ನು ನೋಡುತ್ತ ಕೇಳಿದೆ, ಟ್ರಾಮ್ ನಿಂತ ದಿನ ಎಲ್ಲಿದ್ದೆ?

ನೋಡಲು ಹೋಗಿದ್ದನಂತೆ, ಅಪ್ಪನ ಜೊತೆ. ಅಪ್ಪನ ಹೆಗಲ ಮೇಲೋ, ಕೈ ಹಿಡಿದೋ? ಹೆಗಲ ಮೇಲೆ ತಂಗಿ ಕೂತಿದ್ದಳು, ತನಗೆ ಕೊಡಲಿಲ್ಲ. ತಂಗಿಗೆ ಮಾತು ಬರುತ್ತಿತ್ತೋ? ಬರುತ್ತಿತ್ತು, ಟ್ರಾಮಿಗೆ ಟಾಟಾ ಹೇಳಿದಳು. ನೀನು ಶಾಲೆಗೆ ಹೋಗುತ್ತಿದ್ದೆಯೋ? ಅದೇ ವರ್ಷ ಸೇರಿದ್ದು, ಮೊದಲ ದಿನ ಚಡ್ಡಿಯಲ್ಲೇ ಮಾಡಿಕೊಂಡಿದ್ದೆ ಎಂದ. ರಮಣ ಇದನ್ನು ತೆಲುಗಿನಲ್ಲಿ ಹೇಳಲು ಒದ್ದಾಡಿದ. ನಾನು ವಯಸ್ಸು ಹೇಳಿದೆ, ಮಾರ್ಗದರ್ಶಕರು ಬರೆದುಕೊಂಡರು.

ಹೀಗೆ ಹನ್ನೆರಡು. ಕಸ ಗುಡಿಸುವಾಕೆ ಮುಖವಾಡ ಹಾಕಿಕೊಂಡು ತನ್ನಜ್ಜಿಯನ್ನು ಹೆದರಿಸಿದ್ದನ್ನು ಹೇಳುತ್ತ ಅತ್ತಳು. ಮಿಠಾಯಿಯ ರೇಷನ್ ಹೋದ ದಿನ ಅಣ್ಣ ತನ್ನ ಪಾಲನ್ನೂ ತಿಂದುಬಿಟ್ಟ ಎಂದು ಇಲಾಖೆಯ ಮುಖ್ಯಸ್ಥರೇ ಸಿಟ್ಟಾದರು. ಇವತ್ತಿಗೂ ಅಣ್ಣ ಒಪ್ಪಿಕೊಂಡಿಲ್ಲವಂತೆ. ಮುಗಿಸಿದವರು ಯಾರೂ ಎದ್ದು ಹೋಗಲಿಲ್ಲ. ಗೋಡೆಗೆ ಆತು ನಿಂತು, ಸೇತುವೆ ಮೊದಲೋ ನಿನ್ನ ಮದುವೆ ಮೊದಲೋ ಎಂದು ಒಬ್ಬರಿಗೊಬ್ಬರು ಕೇಳತೊಡಗಿದರು. ಕೋಣೆ ನಮ್ಮೂರ ಕಟ್ಟೆಯಾಯಿತು. ಮಾರ್ಗದರ್ಶಕರು ಎರಡು ಸಲ ಮೇಜು ಕುಟ್ಟಿದರು.

ಆಮೇಲೆ ಗುಮಾಸ್ತೆ ಲಕೋಟೆ ಒಡೆದಳು. ಮಾರ್ಗದರ್ಶಕರು ಓದಿದರು. ಮೊದಲನೆಯದು ತಪ್ಪು. ಎರಡನೆಯದು ತಪ್ಪು. ಮೂರನೆಯದೂ ತಪ್ಪು. ಹನ್ನೆರಡಕ್ಕೆ ಹನ್ನೆರಡೂ ತಪ್ಪು.

ಕಟ್ಟೆಯ ಗದ್ದಲ ಅಡಗಿತು. ರಮಣ ಅನುವಾದ ಮಾಡುವುದನ್ನು ಬಿಟ್ಟ. ತಿರುಗಿ ನೋಡಿದೆ. ಶಶಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ನಾನು ಕೆಂಪು ಕೋಟು ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡೆ. ಮಗಳ ಓದನ್ನು ನಾನೇ ಸಮುದ್ರ ದಾಟಿ ಬಂದು ಕೆಡಿಸಿದೆನಲ್ಲ ಎನಿಸಿತು.

ಮುದುಕ ಪರೀಕ್ಷಕರು ಕನ್ನಡಕ ಏರಿಸಿಕೊಂಡರು. ಕಾಗದವನ್ನು ತಮ್ಮ ಕಡೆ ಎಳೆದುಕೊಂಡರು. ಬೆರಳಿಟ್ಟು ಮೇಲಿಂದ ಕೆಳಗೆ ಹೋದರು, ಮತ್ತೆ ಕೆಳಗಿನಿಂದ ಮೇಲೆ. ಹನ್ನೆರಡೂ ಒಂದೊಂದೇ ವರ್ಷ ಹೆಚ್ಚು. ಎಲ್ಲಿಯೂ ಕಡಿಮೆಯಿಲ್ಲ, ಎಲ್ಲಿಯೂ ಎರಡಿಲ್ಲ. ರಮಣನ ಕಡೆ ತಿರುಗಿ ಕೇಳಿಸಿದರು, ಇವತ್ತು ಬೆಳಿಗ್ಗೆ ಹುಟ್ಟಿದ ಕೂಸಿನ ವಯಸ್ಸೆಷ್ಟು?

ಇದೆಂಥ ಪ್ರಶ್ನೆ! ಗಾಬರಿಯಲ್ಲಿ ತೆಲುಗು ಮರೆತು ಕನ್ನಡದಲ್ಲೇ ಹೇಳಿಬಿಟ್ಟೆ.

"ಒಂದರಾಗ ಬಿದ್ದೈತಿ. ಮತ್ತ ಸೊನ್ನಿ ಅನ್ನಾಕ ಅದು ಇಲ್ಲೇನು? ಅಳಾಕತ್ತೈತಲ್ಲ!"

ಬಾಯಿ ಬಿಡಬಾರದೆಂದಿದ್ದ ಶಶಿಯೇ ಎದ್ದು ಅದನ್ನು ಇಂಗ್ಲಿಷ್ ಮಾಡಿದಳು. ಮುದುಕರು ಕನ್ನಡಕ ತೆಗೆದಿಟ್ಟರು. ನಗಲು ಶುರು ಮಾಡಿದವರು ಕೆಮ್ಮು ಹತ್ತುವವರೆಗೆ ನಕ್ಕರು. ಗುಮಾಸ್ತೆ ನೀರು ಕೊಟ್ಟಳು.

ಅವರು ಜೀವನವಿಡೀ ಒಂದು ವಿಮೆಯ ಕಂಪನಿಯಲ್ಲಿದ್ದವರಂತೆ. ಅವರ ಕಂಪನಿಯಲ್ಲೂ ವಯಸ್ಸನ್ನು ಹೀಗೇ, ಮುಂದೆ ಬರುವ ಹುಟ್ಟುಹಬ್ಬಕ್ಕೆ ಎಷ್ಟಾಗುತ್ತದೋ ಅಷ್ಟು ಎಂದು ಬರೆಯುತ್ತಿದ್ದರಂತೆ. ನಾವು ತುಂಬಿದ ವರ್ಷ ಎಣಿಸುವುದಿಲ್ಲ, ನಡೆಯುತ್ತಿರುವ ವರ್ಷ ಎಣಿಸುತ್ತೇವೆ. ಐವತ್ತೊಂದರಾಗ ಬಿದ್ದಾಳ ಎಂದರೆ ಐವತ್ತು ತುಂಬಿದೆ. ಎರಡು ಬೇಸಿಗೆ ನಾನು ಬಿದ್ದದ್ದನ್ನು ಹೇಳಿದೆ, ಶಶಿ ತುಂಬಿದ್ದೆಂದು ಬರೆದಳು. ಅಷ್ಟೇ.

ಮುದುಕರು ಮಾರ್ಗದರ್ಶಕರಿಗೆ ಹೇಳಿದ್ದನ್ನು ಶಶಿ ಆಮೇಲೆ ನನಗೆ ಹೇಳಿದಳು. ಕೋಣೆಯಲ್ಲಿ ಕೂತು ಅಂಕಿ ಕಟ್ಟುವವರು ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಬರೆಯುತ್ತಾರೆ. ಒಂದೇ ತಪ್ಪನ್ನು ಹನ್ನೆರಡು ಸಲ ಇಷ್ಟು ಸರಿಯಾಗಿ ಮಾಡಬೇಕಾದರೆ ಪ್ರತಿಯೊಬ್ಬರನ್ನೂ ನಿಜವಾಗಿ ಕೇಳಿರಬೇಕು.

ಪ್ರಬಂಧ ಒಪ್ಪಿತವಾಯಿತು. ಎಲ್ಲ ವಯಸ್ಸಿನಲ್ಲೂ ಒಂದು ಕಳೆದು ಪಟ್ಟಿಯನ್ನು ಮತ್ತೆ ಬರೆಯಬೇಕು, ಅದೊಂದೇ ಷರತ್ತು. ಸಿಂಧನೂರು, ಲಿಂಗಸುಗೂರು, ಮಸ್ಕಿಯ ಅಷ್ಟೂ ಹೆಣ್ಣುಮಕ್ಕಳು ಆ ಮಧ್ಯಾಹ್ನ ಒಮ್ಮೆಗೇ ಒಂದು ವರ್ಷ ಚಿಕ್ಕವರಾದರು. ಅವರಿಗೆ ಯಾರೂ ತಿಳಿಸಲಿಲ್ಲ.

ಮರಳಿ ಬಳಗಾನೂರು

ಊರಿನಲ್ಲಿ ಎಲ್ಲರೂ ಏನು ನೋಡಿದಿ ಎಂದು ಕೇಳಿದರು. ಮೇಜಿನ ಕಾಲು ನೋಡಿದೆ ಎಂದರೆ ನಂಬುವರೇ? ಮಳೆ ಬಹಳ ಎಂದೆ.

ಶಶಿ ಡಾಕ್ಟರಾಗಿ ಬಂದಾಗ ಆ ದಪ್ಪ ಪುಸ್ತಕದ ಒಂದು ಪ್ರತಿ ನನಗೂ ತಂದುಕೊಟ್ಟಳು. ಎಣಿಸಿದ ವಿಧವೆಯರಲ್ಲಿ ನಾನೂ ಒಬ್ಬಳು. ಕೊನೆಯಲ್ಲಿ ಪಟ್ಟಿಯಿದೆ. ಇಷ್ಟು ವಯಸ್ಸಾದ, ನಮ್ಮ ಕಡೆಯ, ಗಂಡ ಸತ್ತ ಹೆಂಗಸು ಇನ್ನೆಷ್ಟು ವರ್ಷ ಬದುಕಬಹುದು ಎಂದು. ನನ್ನ ಸಾಲಿನ ಮೇಲೆ ಬೆರಳಿಟ್ಟು ಇದೆಷ್ಟು ಎಂದು ಕೇಳಿದೆ. ನಿಮ್ಮ ಅವ್ವ ಪುಟ ಮುಚ್ಚಿ, "ಚಾ ಮಾಡು ಬೇ," ಎಂದಳು.

ಇಂಗ್ಲಿಷ್ ಬರದಿದ್ದರೂ ಅಂಕಿ ಓದಲು ಬರುತ್ತದೆ ನನಗೆ. ಅವಳು ಹೊರಗೆ ಹೋದಾಗ ಓದಿದೆ. ಎಷ್ಟಿತ್ತೆಂದು ಇಲ್ಲಿ ಬರೆಯುವುದಿಲ್ಲ. ಆ ವರ್ಷಗಳೆಲ್ಲ ಮುಗಿದು ಈಗ ಎರಡು ಮಳೆಗಾಲ ಆದವು. ಪಟ್ಟಿ ಸುಳ್ಳಲ್ಲವೆಂದು ತೋರಿಸಲು ಸಮುದ್ರ ದಾಟಿ ಹೋದವಳೇ ಈಗ ದಿನಾ ಬೆಳಿಗ್ಗೆ ಎದ್ದು ಅದನ್ನು ಸುಳ್ಳು ಮಾಡುತ್ತಿದ್ದೇನೆ.

ಹೋದ ತಿಂಗಳು ಇದನ್ನು ಶಶಿಗೆ ಹೇಳಿಯೇಬಿಟ್ಟೆ.

"ಅದು ಸರಾಸರಿ ಬೇ," ಎಂದಳು. "ಕೆಲವರು ಮೊದಲ ಹೋಗ್ತಾರ, ಕೆಲವರು ಆಮ್ಯಾಲ. ಎಲ್ಲಾ ಕೂಡಿಸಿದ್ರ ಸರಿ ಹೋಗ್ತೈತಿ."

"ಹಂಗಾರ ಮೊದಲ ಹೋದವರ ವರ್ಷ ನಾ ಉಣ್ಣಾಕತ್ತೀನೇನು?"

ಅವಳು ಹತ್ತಿರ ಸರಿದಳು. ನನ್ನ ಕೈ ಹಿಡಿದುಕೊಂಡು ಕೂತಳು. ಮಸ್ಕಿಯ ಪಡಸಾಲೆಯಾಕೆ ಇಲ್ಲ ಈಗ. ಬಹಳ ಮಂದಿ ಇಲ್ಲ.

ಈ ಹಾಳೆಗಳನ್ನು ಬೇರೆಲ್ಲೂ ಇಡಬೇಡಿ ಮಕ್ಕಳೇ. ನಿಮ್ಮ ಅವ್ವನ ಆ ಪುಸ್ತಕದೊಳಗೆ, ಆ ಪಟ್ಟಿಯ ಪುಟದಲ್ಲೇ ಇಟ್ಟು ಜೋಪಾನ ಮಾಡಿ. ಮುಂದೆ ಯಾರಾದರೂ ಅಂಕಿ ನೋಡಲು ಬಂದರೆ, ಆ ಅಂಕಿಗಳ ಒಳಗೆ ಏರಿಯಿಂದ ಜಾರಿ ಬಿದ್ದವರು, ಹಗೇವಿನಲ್ಲಿ ಅಡಗಿದವರು, ತವರಿಗೆ ಕಳಿಸಲಿಲ್ಲವೆಂದು ಸಿಟ್ಟಾದವರು ಇದ್ದಾರೆಂದು ಓದಿಕೊಳ್ಳಲಿ.